ವಿಆರ್ ಆಟ ಮತ್ತು ಗೌಂಡಿ ಕೆಲಸ: ವೃತ್ತಿ ಪರಿಚಯದ ಒಂದು ಪಾಠ

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಶಾಲೆಗಳಲ್ಲಿ ವೃತ್ತಿ ಪರಿಚಯದ ಪಾಠವೆಂದರೆ ವೈದ್ಯ, ಪೊಲೀಸ್, ಶಿಕ್ಷಕರ ಚಿತ್ರಪಟ ತೂಗುಹಾಕುವುದು ಎಂದು ನಮ್ಮ ಪ್ರಶಿಕ್ಷಣಾರ್ಥಿಗಳು ತಿಳಿಯುವುದುಂಟು. ಕಟ್ಟಡ ಕೆಲಸದ ಚಿತ್ರ ಅವುಗಳ ನಡುವೆ ಅಪರೂಪ. ಆದರೆ ಅದೇ ತರಗತಿಯಲ್ಲಿ ಗೌಂಡಿಯ ಮಗನೋ, ಸಿಮೆಂಟ್ ಬುಟ್ಟಿ ಹೊರುವ ತಾಯಿಯ ಮಗಳೋ ಕುಳಿತಿರಬಹುದು. ಹೈದರಾಬಾದ್, ಪುಣೆ, ಮುಂಬೈಗೆ ಗುಳೆ ಹೋಗುವ ಮನೆಯ ಮಕ್ಕಳಿಗೆ ನಿರ್ಮಾಣ ಕ್ಷೇತ್ರ ಹೊಸದಲ್ಲ. ಅವರು ಕಂಡಿರುವುದು ಅದರ ಕೆಳಗಿನ ಮೆಟ್ಟಿಲನ್ನು.

ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್ ಆಟಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡ ಮಗು ಕ್ರೇನಿನ ಕ್ಯಾಬಿನ್‌ನಲ್ಲಿ ಕೂರಬಹುದು, ಎತ್ತರದ ಕಟ್ಟಡದ ಮೇಲೆ ನಿಂತು ಅಪಾಯದ ಜಾಗಗಳನ್ನು ಹುಡುಕಬಹುದು. ಬುಟ್ಟಿ ಹೊರುವ ಹೆಂಗಸರನ್ನಷ್ಟೇ ನೋಡಿರುವ ಹುಡುಗಿಗೆ ಕ್ರೇನಿನ ಕ್ಯಾಬಿನ್ ಸಣ್ಣ ಸಂಗತಿಯಲ್ಲ.

ಉಪಕರಣದ ಮಾತು ಬೇಗ ಮುಗಿಸೋಣ. ರಟ್ಟಿನ ಪೆಟ್ಟಿಗೆಯಾದರೆ ಗೈರೋಸ್ಕೋಪ್ ಇರುವ ಮೊಬೈಲ್ ಬೇಕು. ಆಟವನ್ನು ಮೊದಲೇ ಇಳಿಸಿಕೊಂಡಿರಬೇಕು. ಶಾಲೆಯ ಇಂಟರ್‌ನೆಟ್ ನಂಬಿ ಹೋಗಬಾರದು. ಮಕ್ಕಳನ್ನು ಕೂರಿಸಿಯೇ ಆಡಿಸಬೇಕು. ತಲೆಸುತ್ತು ಎಂದವರನ್ನು ಒತ್ತಾಯಿಸಬಾರದು. ಬೆಲೆಬಾಳುವ ಹೆಡ್‌ಸೆಟ್‌ಗಳಿಗೆ ತಯಾರಕರು ವಯಸ್ಸಿನ ಮಿತಿ ಹಾಕಿರುತ್ತಾರೆ, ಅದನ್ನು ಓದಿಕೊಂಡೇ ತರಗತಿ ಆರಿಸಿ. ನನ್ನ ಸಲಹೆ 9ನೆಯ ತರಗತಿ.

ನಿಜವಾದ ತೊಡಕು ಸಮಯದ್ದು. 40 ಮಕ್ಕಳು, 2 ಪೆಟ್ಟಿಗೆ, ತಲಾ 4 ನಿಮಿಷ ಎಂದರೆ 80 ನಿಮಿಷ. ಇಬ್ಬರು ಆಡುವಾಗ 38 ಮಂದಿ ಸುಮ್ಮನೆ ಕೂರುವ ಪಾಠ ಪಾಠವಲ್ಲ. ಆದ್ದರಿಂದ ಎರಡು ಅವಧಿಗಳನ್ನು ಜೋಡಿಸಿ, 10 ಮಕ್ಕಳ 4 ಗುಂಪು ಮಾಡಿ, 20 ನಿಮಿಷಕ್ಕೊಮ್ಮೆ ಜಾಗ ಬದಲಿಸಿ. ಒಂದು ಗುಂಪು ಆಟದಲ್ಲಿ. ಎರಡನೆಯದು ದಾರ ಹಿಡಿದು ಅಂಗಳದಲ್ಲಿ: ಒಂದು ಮೂಲೆಯಿಂದ 3 ಅಡಿ, ಇನ್ನೊಂದು ಕಡೆಗೆ 4 ಅಡಿ ಅಳೆದು, ತುದಿಯಿಂದ ತುದಿಗೆ ಸರಿಯಾಗಿ 5 ಅಡಿ ಬಂದರೆ ಆ ಮೂಲೆ ಲಂಬಕೋನ. ಪಾಯ ಗುರುತಿಸುವ ಗೌಂಡಿ ಮಾಡುವುದು ಇದನ್ನೇ. ಗಣಿತದ ಪುಸ್ತಕದಲ್ಲಿ ಇದಕ್ಕೆ ಪೈಥಾಗೊರಸ್ ಪ್ರಮೇಯ ಎಂದು ಹೆಸರು. ಮೂರನೆಯ ಗುಂಪಿಗೆ ನೀರು ತುಂಬಿದ ಪಾರದರ್ಶಕ ಪೈಪು ಮತ್ತು ಓಳಂಬ: ಎರಡು ಗೋಡೆಗಳ ಮೇಲೆ ಒಂದೇ ಮಟ್ಟ ಗುರುತಿಸಬೇಕು, ಶಾಲೆಯ ಕಂಬ ನೆಟ್ಟಗಿದೆಯೇ ನೋಡಬೇಕು. ನಾಲ್ಕನೆಯದಕ್ಕೆ ಒಂದು ಮನೆಯ ನಕ್ಷೆ.

ಈ ಮೂರು ಗುಂಪುಗಳಲ್ಲಿ ಗೌಂಡಿಯ ಮಗ ತಾನಾಗಿಯೇ ಮುಂದೆ ಬರುವ ಸಂಭವ ಹೆಚ್ಚು. ಅವನಿಗೆ ಗೊತ್ತಿರುವುದು ಆ ಹೊತ್ತಿಗೆ ಜ್ಞಾನವಾಗುತ್ತದೆ. ಹಾಗೆಂದು ‘ನಿಮ್ಮಪ್ಪ ಏನು ಕೆಲಸ ಮಾಡ್ತಾರೆ?’ ಎಂದು ಎಲ್ಲರೆದುರು ಎಬ್ಬಿಸಿ ಕೇಳಬಾರದು. ‘ಓಳಂಬ ಹಿಡಿಯೋದು ಯಾರಿಗೆ ಗೊತ್ತು?’ ಎಂದರೆ ಸಾಕು. ಕಾಯಕದ ಹಿರಿಮೆಯ ಭಾಷಣವೂ ಬೇಡ. ಬಸವಕಲ್ಯಾಣದ ಮಕ್ಕಳು ಅದನ್ನು ಸಾಕಷ್ಟು ಕೇಳಿರುತ್ತಾರೆ.

ಆಟ ಮುಗಿದ ಮೇಲೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ‘ಆಟದಲ್ಲಿ ಏನು ಇರಲಿಲ್ಲ?’ ಬಿಸಿಲು ಇರಲಿಲ್ಲ, ದೂಳು ಇರಲಿಲ್ಲ, ಬಟವಾಡೆಯ ದಿನ ಇರಲಿಲ್ಲ, ಬಿದ್ದರೆ ನೋವಾಗಲಿಲ್ಲ. ಈ ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆಯದೆ ಬಿಟ್ಟರೆ ನಾವು ಮಕ್ಕಳಿಗೆ ಜಾಹೀರಾತು ತೋರಿಸಿ ಬಂದಂತೆ. ಇಲ್ಲಿಂದಲೇ ಕಾನೂನಿನ ಮಾತಿಗೆ ದಾಟಬಹುದು. ಕಟ್ಟಡ ಕಾರ್ಮಿಕರಿಗಾಗಿ ಕೇಂದ್ರದ ಕಾನೂನಿದೆ. ಅದರಡಿ 18ರಿಂದ 60 ವರ್ಷದವರು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ದುಡಿದಿದ್ದರೆ, ರಾಜ್ಯದ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ನೋಂದಾಯಿತರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನದ ಯೋಜನೆಯೂ ಉಂಟು. 18 ತುಂಬದವರಿಗೆ ನೋಂದಣಿಯೇ ಇಲ್ಲ ಎಂಬುದನ್ನು, ಶಾಲೆ ಬಿಟ್ಟು ಅಣ್ಣನ ಜೊತೆ ಹೋಗಲು ತುದಿಗಾಲಲ್ಲಿರುವ ಹುಡುಗನ ಕಿವಿಗೆ ಬೀಳುವಂತೆ ಹೇಳಿ.

ಮೇಲಿನ ಮೆಟ್ಟಿಲುಗಳನ್ನು ತೋರಿಸಲು ಊರಿನದೇ ಉದಾಹರಣೆ ಸಾಕು. ಹುಮನಾಬಾದ್ ಮೂಲಕ ಹೋಗುವ ಸುಮಾರು 110 ಕಿ.ಮೀ. ಉದ್ದದ ಬೀದರ್–ಕಲಬುರಗಿ ರೈಲುಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ಅದರಲ್ಲಿ ಯಾರ್‍ಯಾರ ಕೆಲಸ ಇದ್ದೀತು? ಮೊದಲು ಹೊಲದಲ್ಲಿ ನಿಂತವನು ಸರ್ವೇಯರ್. ಆಮೇಲೆ ನಕ್ಷೆಗಾರ, ಕಾಂಕ್ರೀಟ್ ಪರೀಕ್ಷಿಸುವವರು, ಸುರಂಗ ಕೊರೆದವರು, ವೆಲ್ಡರ್, ಲೆಕ್ಕ ಬರೆದವರು. ಬಸವಕಲ್ಯಾಣದಲ್ಲಿ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ನೂತನ ಅನುಭವ ಮಂಟಪದ ಬಗ್ಗೆಯೂ ಇದೇ ಪ್ರಶ್ನೆ ಕೇಳಿ. ಹಳೆಯದು ಬೇಕೆಂದರೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಯಿದೆ. ಶಾಸನ ಬರೆಯುತ್ತಿರುವ ಮದನಿಕೆಯನ್ನು ಕಡೆದ ಕೈಗೂ ಒಬ್ಬ ಗುರು ಇದ್ದಿರಬೇಕು.

ದಾರಿಯನ್ನು ಸ್ಪಷ್ಟವಾಗಿ ಹೇಳಿ. ಎಸ್ಸೆಸ್ಸೆಲ್ಸಿ ನಂತರ ಐಟಿಐನಲ್ಲಿ 2 ವರ್ಷದ ಸಿವಿಲ್ ಡ್ರಾಫ್ಟ್ಸ್‌ಮನ್ ತರಬೇತಿ, ಇಲ್ಲವೇ 3 ವರ್ಷದ ಸಿವಿಲ್ ಡಿಪ್ಲೊಮಾ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೇ ಸೇರಬಹುದು. ಎಂಜಿನಿಯರಿಂಗ್ ಕಾಲೇಜು ಬಸವಕಲ್ಯಾಣದಲ್ಲೇ ಇದೆ.

ಮೌಲ್ಯಮಾಪನಕ್ಕೆ ಆಟದ ಅಂಕ ಬೇಡ. ಮನೆಯ ಹತ್ತಿರ ಏಳುತ್ತಿರುವ ಒಂದು ಕಟ್ಟಡವನ್ನು ರಸ್ತೆಯಿಂದಲೇ ನೋಡಿ, ಅಲ್ಲಿ ಎಷ್ಟು ಬಗೆಯ ಕೆಲಸದವರಿದ್ದಾರೆ, ಯಾರ ತಲೆಯ ಮೇಲೆ ಹೆಲ್ಮೆಟ್ ಇದೆ, ಯಾರ ತಲೆಯ ಮೇಲೆ ಇಲ್ಲ ಎಂದು ಬರೆದು ತರಲಿ. ಮನೆಯಲ್ಲಿ ಕಾರ್ಮಿಕ ಕಾರ್ಡ್ ಇದ್ದರೆ ಅದರ ನವೀಕರಣದ ದಿನಾಂಕ ನೋಡಿಕೊಳ್ಳಲು ಹೇಳಿ. ಅದನ್ನು ಮಾತ್ರ ತರಗತಿಯಲ್ಲಿ ಓದಿಸಬೇಡಿ.