ಇಂಗ್ಲಿಷಿನ ಉಪಪದರಾಹಿತ್ಯ ಮತ್ತು ಕನ್ನಡದ ಪ್ರತ್ಯಯಲೋಪ: ಒಂದು ತೌಲನಿಕ ವಿವೇಚನೆ

ಕನ್ನಡದಲ್ಲಿ ಸಿದ್ಧಪಡಿಸಿದ ಸಂಶೋಧನ ಪ್ರಬಂಧಕ್ಕೆ ಇಂಗ್ಲಿಷಿನಲ್ಲಿ ಸಾರಲೇಖ ಬರೆಯಬೇಕಾದ ಸಂದರ್ಭ ನಮ್ಮಲ್ಲಿ ಅನೇಕರಿಗೆ ಒದಗುತ್ತದೆ. ಆಗ ಎದುರಾಗುವ ತೊಡಕುಗಳಲ್ಲಿ ಉಪಪದಗಳ ಬಳಕೆ ಮುಖ್ಯವಾದುದು. 'ದಿ ಕನ್ನಡ ಲಿಟರೇಚರ್' ಎಂದು ಬರೆದರೆ ತಪ್ಪು, 'ಕನ್ನಡ ಲಿಟರೇಚರ್' ಎಂಬುದು ಸರಿ. 'ದಿ ಕನ್ನಡ' ತಪ್ಪು. ಆದರೆ 'ದಿ ಕನ್ನಡ ಲ್ಯಾಂಗ್ವೇಜ್' ಸರಿ. 'ವಚನಾಸ್' ಎಂದು ಸಾಮಾನ್ಯವಾಗಿ ಹೇಳುವಾಗ ಉಪಪದ ಬೇಡ. 'ದಿ ವಚನಾಸ್ ಆಫ್ ಬಸವಣ್ಣ' ಎನ್ನುವಾಗ ಬೇಕು. ನನ್ನ ಸಾರಲೇಖದ ಮೊದಲ ಪುಟದಲ್ಲಿಯೇ ಹತ್ತಾರು 'ದಿ'ಗಳು ಕೆಂಪು ಶಾಯಿಯಲ್ಲಿ ಹೊಡೆದುಹಾಕಲ್ಪಟ್ಟು ಹಿಂದಿರುಗಿದಾಗ, ಅವುಗಳನ್ನು ಏಕೆ ಬಿಡಬೇಕೆಂಬುದಕ್ಕೆ ಶಾಲಾ ವ್ಯಾಕರಣಗಳಲ್ಲಿ ದೊರೆತದ್ದು ಪಟ್ಟಿಯೇ ಹೊರತು ಕಾರಣವಲ್ಲ. ಈ ಕಾರಣವನ್ನು ಕನ್ನಡ ವ್ಯಾಕರಣದ ನೆರವಿನಿಂದ ಕಂಡುಕೊಳ್ಳಲು ಸಾಧ್ಯವೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಮೊದಲು ಪರಿಭಾಷೆಯ ಮಾತು. 'ಆರ್ಟಿಕಲ್' ಎಂಬುದಕ್ಕೆ ಕನ್ನಡದಲ್ಲಿ 'ಉಪಪದ' ಎಂಬ ಮಾತು ಬಳಕೆಯಲ್ಲಿದೆ. ಸಂಸ್ಕೃತ ವ್ಯಾಕರಣದಲ್ಲಿ ಉಪಪದವೆಂದರೆ ಬೇರೆಯೇ ಅರ್ಥ. 'ಕುಂಭಕಾರ'ದಲ್ಲಿನ 'ಕುಂಭ'ದಂತೆ ಕೃತ್ ಪ್ರತ್ಯಯಕ್ಕೆ ನಿಮಿತ್ತವಾಗಿ ಧಾತುವಿನ ಜೊತೆ ನಿಲ್ಲುವ ಪದವದು. ರೂಢಿಗೆ ಬಂದಿರುವುದರಿಂದ ಇಲ್ಲಿಯೂ ಉಪಪದವೆಂದೇ ಬಳಸಲಾಗಿದೆ. ಇದಕ್ಕಿಂತ ಹೆಚ್ಚು ತೊಡಕಿನದು 'ಲೋಪ' ಎಂಬ ಮಾತು. ಪಾಣಿನೀಯ ಪರಂಪರೆಯಲ್ಲಿ ಲೋಪವೆಂದರೆ ಬರಬೇಕಾದುದು ಕಾಣಿಸದಿರುವುದು; ಪ್ರತ್ಯಯ ಲೋಪವಾದರೂ ಅದರ ಕಾರ್ಯ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಉಪಪದವಿಲ್ಲದ ಎಡೆಗಳೆಲ್ಲ ಈ ಅರ್ಥದ ಲೋಪಗಳಲ್ಲ. ರ್‍ಯಾಂಡಾಲ್ಫ್ ಕ್ವಿರ್ಕ್ ಮತ್ತು ಸಂಗಡಿಗರು 1985ರ ತಮ್ಮ ಬೃಹತ್ ಇಂಗ್ಲಿಷ್ ವ್ಯಾಕರಣದಲ್ಲಿ 'ಶೂನ್ಯ ಉಪಪದ' ಎಂಬ ಪರಿಕಲ್ಪನೆಯನ್ನು ಬಳಸುತ್ತಾರೆ. 'ವಾಟರ್ ಈಸ್ ಪ್ರೆಷಸ್' ಎಂಬಲ್ಲಿ ಏನೂ ಬಿಟ್ಟುಹೋಗಿಲ್ಲ. ನೀರನ್ನು ಎಣಿಸಲಾಗದು, ಇಂಥ ನೀರೆಂದು ಗುರುತಿಸಿಯೂ ಇಲ್ಲ, ಆದುದರಿಂದ ಉಪಪದಕ್ಕೆ ಅಲ್ಲಿ ಸ್ಥಾನವೇ ಇಲ್ಲ.

ನಿಜವಾದ ಲೋಪ ಕಾಣುವುದು ಪತ್ರಿಕೆಯ ತಲೆಬರಹಗಳಲ್ಲಿ ಮತ್ತು ಹಿಂದಿನ ತಂತಿ ಸಂದೇಶಗಳಲ್ಲಿ. ಭಾರತದಲ್ಲಿ 2013ರ ಜುಲೈವರೆಗೆ ನಡೆದ ತಂತಿ ಸೇವೆಯಲ್ಲಿ ಪದಗಳ ಲೆಕ್ಕದಲ್ಲಿ ಹಣ ತೆರಬೇಕಿದ್ದುದರಿಂದ 'ದಿ', 'ಎ'ಗಳು ಮೊದಲು ಬಲಿಯಾಗುತ್ತಿದ್ದವು. ಓದುವವನು ಅವುಗಳನ್ನು ಮನಸ್ಸಿನಲ್ಲಿಯೇ ತುಂಬಿಕೊಳ್ಳುತ್ತಿದ್ದನು. ಇದರಲ್ಲಿ ವಿವೇಚಿಸಬೇಕಾದುದು ಹೆಚ್ಚಿಲ್ಲ.

ಎಣಿಕೆಯ ವಿಷಯದಲ್ಲಿ ಕನ್ನಡಿಗರ ತಪ್ಪಿಗೆ ಕಾರಣ ಸ್ಪಷ್ಟವಾಗಿದೆ. ಕನ್ನಡದಲ್ಲಿ 'ಒಂದು ಸಲಹೆ', 'ಎರಡು ಸಲಹೆಗಳು' ಎನ್ನಬಹುದು. ಇಂಗ್ಲಿಷಿನ 'ಅಡ್ವೈಸ್' ಎಣಿಕೆಗೆ ಒಗ್ಗದು. 'ಇನ್‌ಫರ್ಮೇಶನ್', 'ಫರ್ನಿಚರ್'ಗಳೂ ಹಾಗೆಯೇ. ಆದುದರಿಂದ 'ಆ್ಯನ್ ಅಡ್ವೈಸ್' ಎಂಬ ಪ್ರಯೋಗ ಹುಟ್ಟುತ್ತದೆ. ಕನ್ನಡದಲ್ಲಿ ಉಪಪದವಿಲ್ಲವಾದ್ದರಿಂದ ಕನ್ನಡಿಗರು ಅದನ್ನು ಬಿಟ್ಟುಬಿಡುತ್ತಾರೆಂಬ ಸಾಮಾನ್ಯ ನಂಬಿಕೆ ಅರ್ಧಸತ್ಯ ಮಾತ್ರ. ಬೇಡದೆಡೆ ಸೇರಿಸುವುದೂ ಅಷ್ಟೇ ವ್ಯಾಪಕವಾಗಿದೆ. 'ದಿ ಸೊಸೈಟಿ', 'ದಿ ನೇಚರ್', 'ದಿ ಲೈಫ್' ಎಂದು ಅಮೂರ್ತ ನಾಮಗಳಿಗೆಲ್ಲ 'ದಿ' ಅಂಟಿಸುವುದು ನಮ್ಮ ಸಾರಲೇಖಗಳಲ್ಲಿ ಕಾಣುವ ದೋಷ.

ಅತ್ಯಂತ ಕುತೂಹಲಕರವಾದುದು ಮೂರನೆಯ ಬಗೆ. 'ಗೋ ಟು ಸ್ಕೂಲ್' ಎಂದರೆ ವಿದ್ಯಾರ್ಥಿಯಾಗಿ ಹೋಗುವುದು; ಮಗುವಿನ ತಂದೆ ಶುಲ್ಕ ಕಟ್ಟಲು ಹೋದರೆ 'ಗೋ ಟು ದಿ ಸ್ಕೂಲ್'. 'ಇನ್ ಪ್ರಿಸನ್' ಎಂದರೆ ಕೈದಿ. 'ಇನ್ ದಿ ಪ್ರಿಸನ್' ಎಂದರೆ ಕಟ್ಟಡದೊಳಗಿರುವ ಯಾರಾದರೂ ಆಗಬಹುದು. 'ಗೋ ಟು ಬೆಡ್' ಎಂದರೆ ಮಲಗುವುದು. ಇಲ್ಲೆಲ್ಲ ನಾಮಪದ ವಸ್ತುವನ್ನು ಸೂಚಿಸದೆ ಆ ವಸ್ತುವಿನ ಸುತ್ತ ರೂಢಿಯಾದ ಕ್ರಿಯೆಯನ್ನು ಸೂಚಿಸುತ್ತದೆ. ಶಾಲಾ ವ್ಯಾಕರಣಗಳು ಇವನ್ನು ಅಪವಾದಗಳೆಂದು ಬಾಯಿಪಾಠ ಮಾಡಿಸುತ್ತವೆ. ಕನ್ನಡಿಗನಿಗೆ ಇದು ಅಪವಾದವಾಗಿ ತೋರಬೇಕಾಗಿಲ್ಲ.

ಏಕೆಂದರೆ ಕನ್ನಡದಲ್ಲಿ ಇದೇ ಕೆಲಸವನ್ನು ದ್ವಿತೀಯಾ ವಿಭಕ್ತಿಯ ಲೋಪ ನಿರ್ವಹಿಸುತ್ತದೆ. 'ಅಜ್ಜ ಹಾಸಿಗೆ ಹಿಡಿದರು' ಎಂದರೆ ಕಾಯಿಲೆ ಬಿದ್ದರೆಂದು ಅರ್ಥ. 'ಹಾಸಿಗೆಯನ್ನು ಹಿಡಿದರು' ಎಂದರೆ ಕೈಯಿಂದ ಹಿಡಿದುಕೊಂಡರೆಂದು. 'ಗೆಳೆಯ ಕೈ ಕೊಟ್ಟ' ಎಂಬುದಕ್ಕೂ 'ಕೈಯನ್ನು ಕೊಟ್ಟ' ಎಂಬುದಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ. ಪ್ರಾಣಿವಾಚಕಗಳಲ್ಲಿ ದ್ವಿತೀಯಾ ಪ್ರತ್ಯಯವನ್ನು ಸಾಮಾನ್ಯವಾಗಿ ಬಿಡುವಂತಿಲ್ಲ. 'ಹುಡುಗ ಕರೆದೆ' ಎಂದು ಯಾರೂ ಹೇಳುವುದಿಲ್ಲ. ಆದರೂ 'ಹೆಣ್ಣು ನೋಡಲು ಹೋದರು' ಎನ್ನುತ್ತೇವೆ. ಇಲ್ಲಿ ಹೆಣ್ಣೆಂದರೆ ನಿರ್ದಿಷ್ಟ ವ್ಯಕ್ತಿಯಲ್ಲ, 'ಹೆಣ್ಣು ನೋಡುವುದು' ಎಂಬ ಸಾಮಾಜಿಕ ವಿಧಿ. 'ಹೆಣ್ಣನ್ನು ನೋಡಲು ಹೋದರು' ಎಂದೊಡನೆ ವ್ಯಕ್ತಿ ಮುಂದೆ ಬಂದು ವಿಧಿ ಹಿಂದೆ ಸರಿಯುತ್ತದೆ. 'ಸ್ಕೂಲ್', 'ದಿ ಸ್ಕೂಲ್'ಗಳ ನಡುವಣ ಸಂಬಂಧವೂ ಇಂಥದೇ.

ಈ ಬಗೆಯ ರಚನೆಗೆ ಕನ್ನಡ ವ್ಯಾಕರಣ ಪರಂಪರೆಯಲ್ಲಿ ಹೆಸರೇ ಇದೆ. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಕ್ರಿಯಾಸಮಾಸವನ್ನು ಹೇಳಿದ್ದಾನೆ. ಕಣ್ಣನ್ನು ಮುಚ್ಚಿದನು ಎಂಬುದು 'ಕಣ್ಮುಚ್ಚಿದನು' ಎಂದಾಗುವಾಗ ಪೂರ್ವಪದದ ವಿಭಕ್ತಿ ಲೋಪಗೊಂಡು ನಾಮ, ಕ್ರಿಯೆಗಳೆರಡೂ ಒಂದಾಗುತ್ತವೆ. ನಮ್ಮ ತರಗತಿಗಳಲ್ಲಿ ಇದನ್ನು ವಿಗ್ರಹವಾಕ್ಯ ಬಿಡಿಸುವ ಅಭ್ಯಾಸಕ್ಕೆ ಸೀಮಿತಗೊಳಿಸಲಾಗಿದೆ. ಲೋಪದಿಂದ ಅರ್ಥದಲ್ಲಿ ಉಂಟಾಗುವ ಪಲ್ಲಟವನ್ನು ಗಮನಿಸುವುದು ಕಡಿಮೆ. ಕನ್ನಡದ ದ್ವಿತೀಯಾ ಪ್ರತ್ಯಯಕ್ಕೂ ನಾಮದ ನಿರ್ದಿಷ್ಟತೆಗೂ ಇರುವ ಸಂಬಂಧವನ್ನು ಜೆಫ್ರಿ ಲಿಡ್ಜ್ 2006ರಲ್ಲಿ 'ಲ್ಯಾಂಗ್ವೇಜ್' ಪತ್ರಿಕೆಯಲ್ಲಿ ಚರ್ಚಿಸಿದ್ದಾರೆ. ಆ ಚರ್ಚೆಯನ್ನು ಕೇಶಿರಾಜನ ಪ್ರಕರಣದ ಪಕ್ಕದಲ್ಲಿಟ್ಟು ಓದುವುದು ಉಪಯುಕ್ತ.

ಎರಡು ಭಾಷೆಗಳ ರಚನೆಗಳು ಒಂದೇ ಬಗೆಯವೆನ್ನಲು ಒಂದು ಪರೀಕ್ಷೆಯಿದೆ. ನಾಮಪದಕ್ಕೆ ವಿಶೇಷಣ ಸೇರಿಸಿ ನೋಡಬೇಕು. 'ಗೋ ಟು ಓಲ್ಡ್ ಸ್ಕೂಲ್' ಎನ್ನಲಾಗದು. 'ಓಲ್ಡ್' ಬಂದರೆ ಉಪಪದವೂ ಬರಲೇಬೇಕು. 'ಹಳೆಯ ಹಾಸಿಗೆ ಹಿಡಿದರು' ಎಂದರೂ ಕಾಯಿಲೆಯ ಅರ್ಥ ಹಾರಿಹೋಗುತ್ತದೆ. ಬಹುವಚನದ ಸಂಗತಿಯೂ ಹಾಗೆಯೇ. ಹತ್ತು ಮಂದಿ ಮಲಗಿದರೂ 'ವೆಂಟ್ ಟು ಬೆಡ್'. ಮನೆಮಂದಿಯೆಲ್ಲ ಕಾಯಿಲೆ ಬಿದ್ದರೂ 'ಹಾಸಿಗೆ ಹಿಡಿದರು', 'ಹಾಸಿಗೆಗಳನ್ನು' ಅಲ್ಲ. ಗುರುತಿಸಬಹುದಾದ ವಸ್ತುವಾಗುವ ಹಕ್ಕನ್ನು ನಾಮ ಎರಡೂ ಕಡೆ ಬಿಟ್ಟುಕೊಟ್ಟಿದೆ. ರೂಢಿ ಎಲ್ಲಿಯವರೆಗೆ ಚಾಚುತ್ತದೆಂಬುದನ್ನು ಆಯಾ ಸಮಾಜವೇ ನಿರ್ಧರಿಸುತ್ತದೆ. ರೋಗಿಯ ವಿಷಯದಲ್ಲಿ ಬ್ರಿಟಿಷರು 'ಇನ್ ಹಾಸ್ಪಿಟಲ್' ಎಂದರೆ ಅಮೆರಿಕನ್ನರು 'ಇನ್ ದಿ ಹಾಸ್ಪಿಟಲ್' ಎನ್ನುತ್ತಾರೆ. ತರ್ಕದಿಂದ ಇದನ್ನು ಊಹಿಸಲಾಗದು.

ಸ್ಥಳನಾಮಗಳಲ್ಲಿ ಉಪಪದದ ಬಿಡುವಿಕೆ ರಾಜಕೀಯವೂ ಆಗಬಹುದು. 1991ರಲ್ಲಿ ಸ್ವತಂತ್ರಗೊಂಡ ಮೇಲೆ 'ದಿ ಯುಕ್ರೇನ್' ಎಂಬ ಹಿಂದಿನ ರೂಪ ಹಿಂದೆ ಸರಿದು 'ಯುಕ್ರೇನ್' ನೆಲೆಗೊಂಡಿತು. 'ದಿ' ಇದ್ದಾಗ ಅದು ದೇಶವೆನಿಸದೆ ಪ್ರದೇಶವೆನಿಸುತ್ತಿತ್ತೆಂಬುದು ಆಕ್ಷೇಪವಾಗಿತ್ತು. ನಮಗೆ ಹತ್ತಿರದ ನಿದರ್ಶನವೂ ಉಂಟು. ವಸಾಹತು ಕಾಲದ ಬರಹಗಳು 'ದಿ ಕರ್ನಾಟಿಕ್' ಎಂದು, ಬಹುಮಟ್ಟಿಗೆ ಪೂರ್ವ ಕರಾವಳಿಯ ಸೀಮೆಯನ್ನು ಉದ್ದೇಶಿಸಿ, ಬಳಸಿದವು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದ 'ಕರ್ನಾಟಕ' ಎಂಬ ಹೆಸರಿಗೆ ಇಂಗ್ಲಿಷಿನಲ್ಲಿಯೂ ಉಪಪದವಿಲ್ಲ. ಗ್ರಂಥನಾಮಗಳಲ್ಲಿಯೂ ಇಂಥ ತಾರತಮ್ಯವಿದೆ. ಇಂಗ್ಲಿಷಿನಲ್ಲಿ 'ದಿ ಮಹಾಭಾರತ' ಎನ್ನುವ ನಾವು 'ಮಲೆಗಳಲ್ಲಿ ಮದುಮಗಳು' ಕೃತಿಗೆ ಉಪಪದ ಹಚ್ಚುವುದಿಲ್ಲ.

ಇನ್ನು ಕನ್ನಡದ ಮೇಲಾಗುತ್ತಿರುವ ಪರಿಣಾಮ. ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' (2000) ಕೃತಿಯಲ್ಲಿ ಎತ್ತಿದ ಪ್ರಶ್ನೆ ಇಲ್ಲಿಯೂ ಪ್ರಸ್ತುತ. ಇಂಗ್ಲಿಷಿನ ವರ್ಗಗಳನ್ನು ಕನ್ನಡದಲ್ಲಿ ಹುಡುಕಹೊರಟರೆ 'ಒಂದು', 'ಒಬ್ಬ'ಗಳು 'ಎ' ಆಗಿಯೂ 'ಆ' ಎಂಬುದು 'ದಿ' ಆಗಿಯೂ ಕಾಣತೊಡಗುತ್ತವೆ. 'ಅವರು ಒಬ್ಬ ಶಿಕ್ಷಕರು' ಎಂಬ ವಾಕ್ಯ ಅನುವಾದಗಳ ಮೂಲಕ ನುಸುಳಿರುವುದು ಹೀಗೆ. 'ಅವರು ಶಿಕ್ಷಕರು' ಎಂಬಲ್ಲಿ ಕನ್ನಡಕ್ಕೆ ಯಾವ ಕೊರತೆಯೂ ಇಲ್ಲ. ನಮ್ಮ ಸಂಶೋಧನ ಪ್ರಬಂಧಗಳ ಶೀರ್ಷಿಕೆಗಳ ಕೊನೆಯಲ್ಲಿ ತಪ್ಪದೆ ಬರುವ 'ಒಂದು ಅಧ್ಯಯನ' ಎಂಬುದೂ 'ಎ ಸ್ಟಡಿ'ಯ ನೆರಳೇ ಸರಿ. ಈ ಲೇಖನದ ಶೀರ್ಷಿಕೆಯೂ ಅದರಿಂದ ತಪ್ಪಿಸಿಕೊಂಡಿಲ್ಲ.

ಮೇಲಿನ ಹೋಲಿಕೆಗೆ ಮಿತಿಯೂ ಇದೆ. ಕನ್ನಡದಲ್ಲಿ ಈ ಅರ್ಥಭೇದ ಸ್ಪಷ್ಟವಾಗಿ ತೋರುವುದು ದ್ವಿತೀಯೆಯಲ್ಲಿ. ಚತುರ್ಥಿಯಲ್ಲಿ ಪ್ರತ್ಯಯ ಬಿಡಲು ಬಾರದು; ಆದುದರಿಂದ 'ಶಾಲೆಗೆ ಹೋದರು' ಎಂಬ ವಾಕ್ಯ ಕಲಿಯುವ ಮಗುವಿಗೂ ಶುಲ್ಕ ಕಟ್ಟುವ ತಂದೆಗೂ ಸಮಾನವಾಗಿ ಸಲ್ಲುತ್ತದೆ. 'ಊರಿಗೆ ಹೋದರು' ಎಂದಾಗ ಸ್ವಂತ ಊರೆಂದೇ ತಿಳಿಯುತ್ತೇವೆ. ಅದು ತಿಳಿಯುವುದು ಪ್ರತ್ಯಯದಿಂದಲ್ಲ, ಸಂದರ್ಭದಿಂದ. ಆಡುಮಾತಿನಲ್ಲಿ 'ಆ ಪುಸ್ತಕ ಓದಿದೆ' ಎಂದು ನಿರ್ದಿಷ್ಟ ವಸ್ತುವಿನ ಮುಂದೆಯೂ ಪ್ರತ್ಯಯ ಬಿಡುವುದುಂಟು. ಇಲ್ಲಿನ ಬಿಡುವಿಕೆ ಕ್ರಿಯಾಸಮಾಸವಲ್ಲ, ಕೇವಲ ಉಚ್ಚಾರಣೆಯ ಸೌಲಭ್ಯ. ಇವೆರಡನ್ನು ಬೇರ್ಪಡಿಸಲು ಮೇಲೆ ಹೇಳಿದ ವಿಶೇಷಣದ ಪರೀಕ್ಷೆಯೇ ಸಾಕಾಗುತ್ತದೆ: 'ಆ ಹಳೆಯ ಪುಸ್ತಕ ಓದಿದೆ' ಎಂದರೂ ಅರ್ಥ ಕೆಡುವುದಿಲ್ಲ.