ಟ್ರ್ಯಾಕ್ಟರಿಗೆ ಬೇರೆ ಎಂಜಿನನ್ನು ಕೂಡಿಸುವ ಕ್ರಮ: ಜೋಡುಫಲಕದ ತಯಾರಿಕೆ

ಜೋಡಿ ಎತ್ತುಗಳಲ್ಲಿ ಒಂದು ಸತ್ತರೆ ಉಳಿದುದಕ್ಕೆ ಸಮನಾದ ಇನ್ನೊಂದನ್ನು ಹುಡುಕುವ ಕಷ್ಟವು ಒಕ್ಕಲುಮಕ್ಕಳಿಗೆ ತಿಳಿಯದುದಲ್ಲ. ಎತ್ತರ, ನಡಿಗೆ, ಬಲ ಈ ಮೂರರಲ್ಲಿ ಯಾವುದೊಂದು ಹೊಂದದಿದ್ದರೂ ನೊಗವು ಓರೆಯಾಗಿ, ಉಳುಮೆಯು ಕೆಟ್ಟು, ಎತ್ತಿನ ಹೆಗಲು ಹುಣ್ಣಾಗುವುದು. ಟ್ರ್ಯಾಕ್ಟರಿನಲ್ಲಿಯೂ ಇದೇ ಬಗೆಯ ಕಷ್ಟವು ಒದಗುವುದುಂಟು. ಗೇರುಪೆಟ್ಟಿಗೆಯೂ ಹಿಂದಿನ ಅಚ್ಚೂ ಗಟ್ಟಿಯಾಗಿದ್ದು, ಎಂಜಿನು ಮಾತ್ರ ದುರಸ್ತಿಗೆ ಬಾರದಂತೆ ಕೆಟ್ಟಾಗ, ಅದೇ ಮಾದರಿಯ ಎಂಜಿನು ದೊರೆಯದಿದ್ದರೆ ಬೇರೆ ಮಾದರಿಯದನ್ನು ಕೂಡಿಸಬೇಕೆಂಬ ಆಲೋಚನೆ ಹುಟ್ಟುವುದು ಸ್ವಾಭಾವಿಕ. ತಯಾರಿಕೆ ನಿಂತುಹೋದ ಟ್ರ್ಯಾಕ್ಟರುಗಳ ವಿಷಯದಲ್ಲಿ ಈ ಸಂದರ್ಭವು ಹೆಚ್ಚಾಗಿ ಬರುತ್ತದೆ. ೧೯೭೧ರಲ್ಲಿ ಆರಂಭವಾದ ಹೆಚ್.ಎಂ.ಟಿ. ಟ್ರ್ಯಾಕ್ಟರುಗಳ ವಿಭಾಗವನ್ನು ಮುಚ್ಚಲು ೨೦೧೬ರಲ್ಲಿ ಕೇಂದ್ರ ಸರ್ಕಾರವು ತೀರ್ಮಾನಿಸಿತು. ಇಂತಹ ಯಂತ್ರಗಳ ಬಿಡಿಭಾಗಗಳು ಕಾಲ ಕಳೆದಂತೆ ವಿರಳವಾಗುವುದು ಸಹಜವೇ ಸರಿ.

ಒಂದು ಗ್ರಾಮದ ಹತ್ತಾರು ಮನೆಗಳ ಉಳುಮೆಯು ಒಂದೇ ಟ್ರ್ಯಾಕ್ಟರಿನ ಮೇಲೆ ನಿಂತಿರುವಲ್ಲಿ, ಮುಂಗಾರಿನ ಹದಕ್ಕೆ ಅದು ಏಳದಿದ್ದರೆ ನಷ್ಟವು ಒಡೆಯನೊಬ್ಬನದಲ್ಲ. ಆದುದರಿಂದ ಈ ಕೆಲಸದ ಮರ್ಮವನ್ನು ಜಮೀನುದಾರರೂ ಗ್ರಾಮದ ಮುಖಂಡರೂ ಅರಿತಿರುವುದು ಅವಶ್ಯಕ. ಕೈಯಾರೆ ಕೆಲಸ ಮಾಡುವವನು ಮೆಕ್ಯಾನಿಕ್ಕನೇ ಆದರೂ, ಕೆಲಸವು ಕ್ರಮವಾಗಿ ನಡೆಯಿತೇ ಇಲ್ಲವೇ ಎಂಬುದನ್ನು ಹಣ ಕೊಡುವವನು ಕೇಳಿ ತಿಳಿಯಬೇಕು.

೧. ಜೋಡುಫಲಕವೆಂದರೇನು

ಒಂದು ಮಾದರಿಯ ಎಂಜಿನಿನ ಹಿಂಬದಿಯ ಮುಖದಲ್ಲಿರುವ ಬೋಲ್ಟಿನ ರಂಧ್ರಗಳು ಇನ್ನೊಂದು ಮಾದರಿಯ ಗೇರುಪೆಟ್ಟಿಗೆಯ ರಂಧ್ರಗಳಿಗೆ ಸರಿಹೊಂದುವುದಿಲ್ಲ. ಇವೆರಡರ ನಡುವೆ, ಒಂದು ಮಗ್ಗುಲಲ್ಲಿ ಎಂಜಿನಿನ ರಂಧ್ರಗಳಿಗೂ ಮತ್ತೊಂದು ಮಗ್ಗುಲಲ್ಲಿ ಗೇರುಪೆಟ್ಟಿಗೆಯ ರಂಧ್ರಗಳಿಗೂ ಹೊಂದುವಂತೆ ಕೊರೆದು ಇಡುವ ದಪ್ಪನಾದ ಲೋಹದ ಹಲಗೆಯೇ ಜೋಡುಫಲಕ. ಕಾರ್ಖಾನೆಗಳಲ್ಲಿ ಇದನ್ನು ಅಡಾಪ್ಟರ್ ಪ್ಲೇಟು ಎನ್ನುವರು.

ಈ ಪದ್ಧತಿಯು ಹೊಸದಲ್ಲ. ಇಂಗ್ಲೆಂಡಿನ ಫೋರ್ಡ್‌ಸನ್ ಮೇಜರ್ ಇ ೨೭ ಎನ್ ಟ್ರ್ಯಾಕ್ಟರು ೧೯೪೫ರಲ್ಲಿ ಸೀಮೆಎಣ್ಣೆಯ ಜಾತಿಯ ಎಣ್ಣೆಯಿಂದ ನಡೆಯುವ ಎಂಜಿನಿನೊಡನೆ ಬಂದಿತು. ೧೯೪೮ರಿಂದ ಅದಕ್ಕೆ ಪರ್ಕಿನ್ಸ್ ಕಂಪೆನಿಯ ಪಿ ೬ ಎಂಬ ಆರು ಸಿಲಿಂಡರಿನ ಡೀಸಲ್ ಎಂಜಿನನ್ನೂ ಕೂಡಿಸಿ ಮಾರಿದರು. ಫರ್ಗ್ಯೂಸನ್ ಟಿ.ಇ. ೨೦ ಟ್ರ್ಯಾಕ್ಟರಿನ ಒಡೆಯರಿಗಾಗಿ ಅದೇ ಪರ್ಕಿನ್ಸ್ ಕಂಪೆನಿಯು ಮೂರು ಸಿಲಿಂಡರಿನ ಪಿ ೩ ಎಂಜಿನನ್ನು ಜೋಡಣೆಯ ಸಾಮಾನುಗಳೊಡನೆ ೧೯೫೦ರ ದಶಕದಲ್ಲಿ ಒದಗಿಸಿತು. ಅಲ್ಲಿ ಅಳತೆಯ ಹೊಣೆಯನ್ನು ಕಾರ್ಖಾನೆಯೇ ಹೊತ್ತಿತ್ತು. ಊರಿನಲ್ಲಿ ಮಾಡಿಸುವಾಗ ಆ ಹೊಣೆಯು ಮಾಡಿಸುವವನ ಮೇಲೆ ಬೀಳುತ್ತದೆ.

೨. ಎಂಜಿನನ್ನು ಕೊಳ್ಳುವುದಕ್ಕೆ ಮುಂಚೆ

ಮೊದಲನೆಯದಾಗಿ, ಎಂಜಿನು ತಿರುಗುವ ದಿಕ್ಕು ಹಳೆಯದರಂತೆಯೇ ಇರತಕ್ಕದ್ದು. ಇಲ್ಲದಿದ್ದರೆ ಟ್ರ್ಯಾಕ್ಟರಿಗೆ ಮುಂದೆ ಹೋಗಲು ಒಂದೇ ಗೇರೂ ಹಿಂದೆ ಹೋಗಲು ಹಲವು ಗೇರುಗಳೂ ಆಗುವುವು.

ಎರಡನೆಯದಾಗಿ, ವೇಗ. ಹಳೆಯ ಎಂಜಿನು ನಿಮಿಷಕ್ಕೆ ೨೦೦೦ ಸುತ್ತಿನಲ್ಲಿಯೂ ಹೊಸದು ೧೫೦೦ ಸುತ್ತಿನಲ್ಲಿಯೂ ಪೂರ್ಣ ಬಲವನ್ನು ಕೊಡುವುದಾದರೆ, ಎಲ್ಲ ಗೇರುಗಳಲ್ಲಿಯೂ ನಡಿಗೆಯು ನಾಲ್ಕರಲ್ಲಿ ಮೂರು ಪಾಲಿಗೆ ಇಳಿಯುವುದು. ಮೊದಲು ೫೪೦ ಸುತ್ತು ಕೊಡುತ್ತಿದ್ದ ಪಿ.ಟಿ.ಓ. ಷಾಫ್ಟು ಆಗ ೪೦೫ ಸುತ್ತು ಮಾತ್ರ ಕೊಡುವುದು. ಒಕ್ಕಣೆಯ ಯಂತ್ರಕ್ಕೆ ಇದು ಸಾಲದು.

ಮೂರನೆಯದಾಗಿ, ತಿರುಚುಬಲ. ಅಶ್ವಶಕ್ತಿ ಒಂದೇ ಆದರೂ ವೇಗ ಕಡಿಮೆಯಾದಷ್ಟೂ ತಿರುಚುಬಲವು ಹೆಚ್ಚುತ್ತದೆ. ಅಶ್ವಶಕ್ತಿಯನ್ನು ೭೧೬ರಿಂದ ಗುಣಿಸಿ ನಿಮಿಷದ ಸುತ್ತುಗಳಿಂದ ಭಾಗಿಸಿದರೆ ಅದು ಕಿಲೋಗ್ರಾಂ-ಮೀಟರುಗಳಲ್ಲಿ ದೊರೆಯುವುದು. ೩೫ ಅಶ್ವಶಕ್ತಿಯ ಎಂಜಿನು ೨೦೦೦ ಸುತ್ತಿನಲ್ಲಿ ಸುಮಾರು ೧೨.೫ ಕೊಟ್ಟರೆ, ೧೫೦೦ ಸುತ್ತಿನಲ್ಲಿ ಸುಮಾರು ೧೬.೭ ಕೊಡುವುದು. ಮೂರನೆಯ ಒಂದು ಪಾಲು ಹೆಚ್ಚಾದ ಈ ಹೊರೆಯು ಹಳೆಯ ಗೇರಿನ ಹಲ್ಲುಗಳ ಮೇಲೆ ಬೀಳುವುದು. ದೊಡ್ಡ ಎಂಜಿನು ಅಗ್ಗವಾಗಿ ದೊರೆಯಿತೆಂದು ತರುವವರು ಇದನ್ನು ಮರೆಯಬಾರದು.

ನಾಲ್ಕನೆಯದು ಎಲ್ಲಕ್ಕಿಂತಲೂ ಮುಖ್ಯವಾದುದು. ೧೯೧೭ರ ಫೋರ್ಡ್‌ಸನ್ ಟ್ರ್ಯಾಕ್ಟರಿನಿಂದ ಪ್ರಸಿದ್ಧವಾದ ಕಟ್ಟಡದಲ್ಲಿ ಲಾರಿಗಿರುವಂತೆ ಬೇರೆ ಚಾಸಿ ಇರುವುದಿಲ್ಲ. ಎಂಜಿನು, ಕ್ಲಚ್ ಹೌಸಿಂಗು, ಗೇರುಪೆಟ್ಟಿಗೆ ಇವೇ ಒಂದಕ್ಕೊಂದು ಬಿಗಿದುಕೊಂಡು ಟ್ರ್ಯಾಕ್ಟರಿನ ಬೆನ್ನೆಲುಬಾಗಿರುತ್ತವೆ. ಇಂತಹ ಟ್ರ್ಯಾಕ್ಟರಿನ ಎಂಜಿನಿನ ಕೆಳಭಾಗದ ಎಣ್ಣೆಯ ತೊಟ್ಟಿಯು ಸಾಮಾನ್ಯವಾಗಿ ದಪ್ಪನಾದ ಎರಕದ್ದಾಗಿದ್ದು ಭಾರವನ್ನು ಹೊರುವುದು. ತೆಳು ತಗಡಿನ ತೊಟ್ಟಿಯುಳ್ಳ ಲಾರಿಯ ಅಥವಾ ಪಂಪಿನ ಎಂಜಿನು ಚಾಸಿಯ ಮೇಲೆ ಕುಳಿತುಕೊಳ್ಳಲು ಮಾಡಿದ್ದೇ ಹೊರತು ಬೆನ್ನೆಲುಬಾಗಲು ಮಾಡಿದ್ದಲ್ಲ. ಅದನ್ನೇ ಹಾಕುವುದಾದರೆ, ಮುಂದಿನ ಅಚ್ಚಿನ ಬ್ರಾಕೆಟಿನಿಂದ ಗೇರುಪೆಟ್ಟಿಗೆಯವರೆಗೆ ಎರಡು ಪಕ್ಕಗಳಲ್ಲಿಯೂ ಉಕ್ಕಿನ ಚಾನಲುಗಳನ್ನು ಕೊಟ್ಟು ಭಾರವು ಅವುಗಳ ಮೇಲೆ ಬೀಳುವಂತೆ ಮಾಡಬೇಕು. ಇದನ್ನು ಬಿಟ್ಟರೆ, ನೇಗಿಲನ್ನೆತ್ತಿ ಬದುವನ್ನು ದಾಟುವಾಗ ಟ್ರ್ಯಾಕ್ಟರು ನಡುವೆ ಬಿರಿದು ಎರಡಾಗುವ ಅಪಾಯವುಂಟು. ಅಲ್ಲಿ ಹೋಗುವುದು ಯಂತ್ರ ಮಾತ್ರವಲ್ಲ, ಮೇಲೆ ಕುಳಿತವನ ಪ್ರಾಣ.

ಕೊನೆಯದಾಗಿ, ಎಂಜಿನಿನ ಸಂಖ್ಯೆಯು ನೋಂದಣಿಯ ಪತ್ರದಲ್ಲಿ ದಾಖಲಾಗಿರುತ್ತದೆ. ನೋಂದಣಿಯ ಅಧಿಕಾರಿಗಳನ್ನು ಮುಂಚಿತವಾಗಿ ಕೇಳಿ ಅನುಮತಿ ಪಡೆಯದೆ ಎಂಜಿನನ್ನು ಬದಲಿಸಿದರೆ, ಅಪಘಾತವಾದಾಗ ವಿಮೆಯ ಹಣಕ್ಕೂ ತೊಡಕು ಬರಬಹುದು.

೩. ದಪ್ಪವನ್ನು ಗೊತ್ತುಮಾಡುವುದು

ಫಲಕದ ದಪ್ಪವನ್ನು ಕೈಗೆ ಸಿಕ್ಕಿದ ತಗಡಿನಿಂದ ನಿರ್ಧರಿಸಕೂಡದು. ಹಳೆಯ ಎಂಜಿನನ್ನು ಬಿಚ್ಚಿದಾಗ, ಅದರ ಹಿಂಬದಿಯ ಮುಖದಿಂದ ಫ್ಲೈವೀಲಿನ ಮೇಲೆ ಕ್ಲಚ್ ಪ್ಲೇಟು ಉಜ್ಜುವ ಮುಖವು ಎಷ್ಟು ಹೊರಚಾಚಿದೆಯೆಂಬುದನ್ನು ಅಳೆದು ಬರೆದಿಡಬೇಕು. ಹೊಸ ಎಂಜಿನಿನಲ್ಲಿಯೂ ಹಾಗೆಯೇ ಅಳೆಯಬೇಕು. ಹಳೆಯದರಲ್ಲಿ ೪೦ ಮಿಲಿಮೀಟರೂ ಹೊಸದರಲ್ಲಿ ೫೮ ಮಿಲಿಮೀಟರೂ ಇದ್ದರೆ, ಫಲಕದ ದಪ್ಪವು ೧೮ ಮಿಲಿಮೀಟರಾಗಬೇಕು. ಆಗ ಗೇರುಪೆಟ್ಟಿಗೆಗೆ ಫ್ಲೈವೀಲು ಮೊದಲಿದ್ದ ಸ್ಥಾನದಲ್ಲಿಯೇ ಇದ್ದಂತಾಗುವುದು.

ಫಲಕವು ದೂರವನ್ನು ಹೆಚ್ಚಿಸಬಲ್ಲುದೇ ಹೊರತು ತಗ್ಗಿಸಲಾರದು. ಹೊಸದರಲ್ಲಿ ೩೦ ಮಿಲಿಮೀಟರು ಮಾತ್ರವಿದ್ದು ಫಲಕವು ೧೫ ಮಿಲಿಮೀಟರಿನದಾದರೆ, ಕ್ರ್ಯಾಂಕ್ ಷಾಫ್ಟಿಗೂ ಫ್ಲೈವೀಲಿಗೂ ನಡುವೆ ೨೫ ಮಿಲಿಮೀಟರಿನ ಉಕ್ಕಿನ ಬಳೆಯನ್ನು ಲೇತಿನಲ್ಲಿ ನಿಖರವಾಗಿ ಕಡೆದು ಕೊಡಬೇಕಾಗುವುದು.

ಈ ಲೆಕ್ಕದ ತರುವಾಯ ನಾಲ್ಕು ಅಂಶಗಳನ್ನು ನೋಡಿಕೊಳ್ಳಬೇಕು. ಗೇರುಪೆಟ್ಟಿಗೆಯ ಷಾಫ್ಟಿನ ತುದಿಯು ಕ್ರ್ಯಾಂಕ್ ಷಾಫ್ಟಿನ ಹಿಂತುದಿಯ ಸಣ್ಣ ಬೇರಿಂಗಿನೊಳಗೆ ಚೆನ್ನಾಗಿ ಕೂರಬೇಕು, ಆದರೆ ತಳಕ್ಕೆ ತಾಗಕೂಡದು. ಕ್ಲಚ್ ಪ್ಲೇಟಿನ ಗುಂಬವು ಷಾಫ್ಟಿನ ಸ್ಪ್ಲೈನುಗಳ ಮೇಲೆ ಪೂರ್ತಿಯಾಗಿ ಕುಳಿತು ಸಲೀಸಾಗಿ ಜಾರಬೇಕು. ಕ್ಲಚ್ಚನ್ನು ಬಿಡಿಸುವ ಬೇರಿಂಗಿಗೆ ತಕ್ಕಷ್ಟು ಸಡಿಲ ಉಳಿಯಬೇಕು. ಸ್ಟಾರ್ಟರಿನ ಹಲ್ಲು ಫ್ಲೈವೀಲಿನ ಹಲ್ಲುಬಳೆಯನ್ನು ಸರಿಯಾಗಿ ಕಚ್ಚಬೇಕು.

೪. ಫಲಕವನ್ನು ಸಿದ್ಧಪಡಿಸುವುದು

ಚಾಸಿಯಿಲ್ಲದ ಟ್ರ್ಯಾಕ್ಟರಿಗೆ ಅಲ್ಯೂಮಿನಿಯಮ್ಮಿಗಿಂತ ಮೆದು ಉಕ್ಕಿನ ಹಲಗೆಯೇ ಲೇಸು. ಗ್ಯಾಸಿನಿಂದ ಕತ್ತರಿಸಿದ ಉಕ್ಕು ಕಾವಿಗೆ ಸೊಟ್ಟಗಾಗುವುದರಿಂದ, ಬೇಕಾದುದಕ್ಕಿಂತ ಕೆಲವು ಮಿಲಿಮೀಟರು ದಪ್ಪವಾದ ಹಲಗೆಯನ್ನು ತೆಗೆದುಕೊಂಡು, ಕತ್ತರಿಸಿದ ಮೇಲೆ ಎರಡು ಮುಖಗಳನ್ನೂ ಯಂತ್ರದಲ್ಲಿ ಹೆರೆಸಿ ಸಮಾನಾಂತರ ಮಾಡಿಸಬೇಕು. ಒಂದು ಮಗ್ಗುಲು ದಪ್ಪ, ಒಂದು ಮಗ್ಗುಲು ತೆಳುವಾದರೆ ಗೇರುಪೆಟ್ಟಿಗೆಯು ಓರೆಯಾಗಿ ಕೂರುವುದು.

ಎರಡು ಕಡೆಯ ರಂಧ್ರಗಳ ಗುರುತನ್ನೂ ದಪ್ಪ ಕಾಗದದ ಮೇಲೆ ತೆಗೆದು, ಒಂದರ ಮೇಲೊಂದನ್ನಿಟ್ಟು ನೋಡಬೇಕು. ಎರಡು ರಂಧ್ರಗಳು ಒಂದರ ಮೇಲೊಂದು ಅರ್ಧಂಬರ್ಧ ಬೀಳುವ ಸ್ಥಳವಿದ್ದರೆ ಅಲ್ಲಿ ಒಂದನ್ನು ಕೈಬಿಟ್ಟು, ಅದರ ಬದಲು ಹತ್ತಿರದಲ್ಲಿ ಬೇರೆ ಬೋಲ್ಟಿಗೆ ಎಡೆ ಮಾಡಬೇಕು. ಎಂಜಿನಿಗೆ ಫಲಕವನ್ನು ಬಿಗಿಯುವ ಬೋಲ್ಟುಗಳ ತಲೆಗಳು ಫಲಕದೊಳಗೆ ತಗ್ಗಿನಲ್ಲಿ ಕೂರುವಂತಿರಬೇಕು. ಗೇರುಪೆಟ್ಟಿಗೆಯ ಬೋಲ್ಟುಗಳಿಗೆ ಫಲಕದಲ್ಲಿಯೇ ಮರೆ ಕೊರೆಯುವುದಾದರೆ, ಉಕ್ಕಿನಲ್ಲಿ ಮರೆಯ ಆಳವು ಬೋಲ್ಟಿನ ದಪ್ಪಕ್ಕೆ ಕಡಿಮೆಯಾಗಬಾರದು. ಕಾಗದದ ಗುರುತು ರಂಧ್ರಗಳ ಎಡೆಯನ್ನು ತಿಳಿಯಲು ಸಾಕು. ಕೇಂದ್ರವನ್ನು ನಿಶ್ಚಯಿಸಲು ಎಂದಿಗೂ ಸಾಲದು.

೫. ಕೇಂದ್ರವನ್ನು ಕೂಡಿಸುವುದು

ಎಂಜಿನಿನ ಕ್ರ್ಯಾಂಕ್ ಷಾಫ್ಟೂ ಗೇರುಪೆಟ್ಟಿಗೆಯ ಷಾಫ್ಟೂ ಒಂದೇ ನೇರದಲ್ಲಿ ತಿರುಗಬೇಕು. ಈ ಕೆಲಸದ ಸಾರವೆಲ್ಲವೂ ಇದರಲ್ಲಿಯೇ ಇದೆ. ಬೋಲ್ಟು ಬಿಗಿಯುವುದಕ್ಕಾಗಿ ಇರುವುದು. ಸ್ಥಾನವನ್ನು ಹಿಡಿದಿಡತಕ್ಕದ್ದು ಡವೆಲ್ ಪಿನ್ನು. ಬೋಲ್ಟನ್ನೇ ನಂಬಿದವನ ಕೆಲಸವು ನಿಲ್ಲುವುದಿಲ್ಲ.

ಮೊದಲು ಫಲಕವನ್ನು ಎಂಜಿನಿಗೆ ಅದರ ಡವೆಲ್ ಪಿನ್ನುಗಳ ಮೇಲೆ ಕೂರಿಸಿ ಬಿಗಿಯಬೇಕು. ಗೇರುಪೆಟ್ಟಿಗೆಯ ಮುಂದಿನ ಷಾಫ್ಟನ್ನೂ ಬೇರಿಂಗನ್ನೂ ಹೊರಗೆ ತೆಗೆದು, ಬರಿದಾದ ಪೆಟ್ಟಿಗೆಯನ್ನು ಫಲಕಕ್ಕೆ ತಾತ್ಕಾಲಿಕವಾಗಿ ತಗುಲಿಸಬೇಕು. ಬೋಲ್ಟುಗಳು ಹಾದುಹೋಗುವ ರಂಧ್ರಗಳು ಬೋಲ್ಟಿಗಿಂತ ಒಂದೆರಡು ಮಿಲಿಮೀಟರು ಅಗಲವಾಗಿದ್ದರೆ ಪೆಟ್ಟಿಗೆಯನ್ನು ಅತ್ತಿತ್ತ ಸರಿಸಲು ಅವಕಾಶವಿರುವುದು. ಪೆಟ್ಟಿಗೆಯ ಭಾರವು ಫಲಕದ ಮೇಲೆ ಜಗ್ಗದಂತೆ ಜಾಕಿಯ ಆಸರೆ ಕೊಡಬೇಕು.

ಬಳಿಕ ಡಯಲ್ ಗೇಜನ್ನು ಕ್ರ್ಯಾಂಕ್ ಷಾಫ್ಟಿಗೆ ಭದ್ರವಾಗಿ ಕಟ್ಟಿ, ಅದರ ಮುಳ್ಳಿನ ತುದಿಯು ಪೆಟ್ಟಿಗೆಯಲ್ಲಿ ಬೇರಿಂಗು ಕೂರುವ ರಂಧ್ರದ ಒಳಗೋಡೆಯನ್ನು ಮುಟ್ಟುವಂತೆ ಮಾಡಬೇಕು. ಕ್ರ್ಯಾಂಕ್ ಷಾಫ್ಟನ್ನು ಕೈಯಿಂದ ಒಂದು ಸುತ್ತು ತಿರುಗಿಸುತ್ತ, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಗೇಜು ತೋರಿಸುವುದನ್ನು ಬರೆದುಕೊಳ್ಳಬೇಕು. ಗೇಜಿನ ಒಟ್ಟು ವ್ಯತ್ಯಾಸದ ಅರ್ಧವೇ ಕೇಂದ್ರದ ತಪ್ಪು. ಗೇಜು ೦.೨೦ ಮಿಲಿಮೀಟರು ವ್ಯತ್ಯಾಸ ತೋರಿಸಿದರೆ ಕೇಂದ್ರವು ೦.೧೦ ಮಿಲಿಮೀಟರು ಸರಿದಿದೆಯೆಂದು ತಿಳಿಯಬೇಕು. ಮರದ ಕೊಡತಿಯಿಂದ ಮೆಲ್ಲನೆ ತಟ್ಟಿ ಸರಿಸುತ್ತ, ಒಟ್ಟು ವ್ಯತ್ಯಾಸವು ೦.೧೩ ಮಿಲಿಮೀಟರಿಗೆ, ಅಂದರೆ ಅಂಗುಲದ ಸಾವಿರದಲ್ಲಿ ಐದು ಭಾಗಕ್ಕೆ, ಮೀರದಂತೆ ತರಬೇಕು.

ಅನಂತರ ಗೇಜಿನ ಮುಳ್ಳನ್ನು ಪೆಟ್ಟಿಗೆಯ ಹೆರೆದ ಮುಖಕ್ಕೆ ತಾಗಿಸಿ, ಕ್ರ್ಯಾಂಕ್ ಷಾಫ್ಟನ್ನು ಹಿಂದುಮುಂದಾಗದಂತೆ ಒಂದೇ ಕಡೆಗೆ ಒತ್ತಿಹಿಡಿದು ತಿರುಗಿಸಿ, ಮುಖವು ಓರೆಯಿಲ್ಲದಿರುವುದನ್ನು ಪರೀಕ್ಷಿಸಬೇಕು. ಓರೆಯಿದ್ದರೆ ಫಲಕವನ್ನು ಮತ್ತೆ ಹೆರೆಸಬೇಕೇ ಹೊರತು, ಕಾಗದವನ್ನೋ ತಗಡಿನ ಚೂರನ್ನೋ ತುರುಕಿ ಸರಿಮಾಡಕೂಡದು.

ಎರಡೂ ಸರಿಬಂದ ಕೂಡಲೇ ಬೋಲ್ಟುಗಳನ್ನು ಬಿಗಿದು, ಮತ್ತೊಮ್ಮೆ ಗೇಜನ್ನು ನೋಡಿ, ಪೆಟ್ಟಿಗೆ ಮತ್ತು ಫಲಕ ಎರಡನ್ನೂ ಕೂಡಿಯೇ ಕೊರೆದು, ರೀಮರಿನಿಂದ ನುಣುಪುಮಾಡಿ, ಒಂದಕ್ಕೊಂದು ಆದಷ್ಟು ದೂರದಲ್ಲಿ ಎರಡು ಡವೆಲ್ ಪಿನ್ನುಗಳನ್ನು ಹೊಡೆಯಬೇಕು. ಇನ್ನು ಎಷ್ಟು ಸಲ ಬಿಚ್ಚಿ ಕೂಡಿಸಿದರೂ ಸ್ಥಾನವು ತಪ್ಪದು.

೬. ತಪ್ಪಿದ ಜೋಡಣೆಯ ಲಕ್ಷಣಗಳು

ಕೇಂದ್ರ ತಪ್ಪಿದ ಜೋಡಣೆಯು ಮೊದಲ ದಿನವೇ ತನ್ನ ದೋಷವನ್ನು ತೋರಿಸಬೇಕೆಂದೇನೂ ಇಲ್ಲ. ಕ್ಲಚ್ಚನ್ನು ತುಳಿದರೂ ಗೇರು ಕರಕರನೆ ಸದ್ದುಮಾಡುವುದು, ತುಳಿದಾಗ ಪೆಡಲು ನಡುಗುವುದು, ಹೊರೆ ಬಿದ್ದಾಗ ಗೇರು ತಾನಾಗಿ ಕಳಚುವುದು, ಸಣ್ಣ ಬೇರಿಂಗು ಬೇಗ ಸವೆದು ಕಿರುಚುವುದು, ಕ್ಲಚ್ ಪ್ಲೇಟಿನ ಗುಂಬವು ಬಿರುಕುಬಿಡುವುದು ಇವು ಅದರ ಲಕ್ಷಣಗಳು. ಹೊಸ ಕ್ಲಚ್ ಪ್ಲೇಟುಗಳನ್ನು ಒಂದಾದ ಮೇಲೊಂದು ಹಾಕುವುದರಿಂದ ಈ ರೋಗವು ವಾಸಿಯಾಗುವುದಿಲ್ಲ. ಬಿಚ್ಚಿ ಗೇಜನ್ನೇ ಕಟ್ಟಬೇಕು.

ಕೂಡಿಸಿದ ಟ್ರ್ಯಾಕ್ಟರನ್ನು ಮೊದಲು ಬರಿದಾಗಿಯೂ, ಆಮೇಲೆ ಹಗುರವಾದ ಕುಂಟೆಯ ಕೆಲಸದಲ್ಲಿಯೂ ನಡೆಯಿಸಿ, ಎಲ್ಲ ಬೋಲ್ಟುಗಳನ್ನೂ ಪುನಃ ಬಿಗಿದು ನೋಡಿದ ಮೇಲೆಯೇ ನೇಗಿಲಿಗೆ ಹೂಡತಕ್ಕದ್ದು.

೭. ಒಡೆಯರ ಕರ್ತವ್ಯ

ಈ ಕೆಲಸವನ್ನು ಬೇಸಗೆಯಲ್ಲಿ, ಸುಗ್ಗಿ ಮುಗಿದ ಮೇಲೆ ಹಿಡಿಯುವುದು ಮೇಲು. ಮಳೆ ಬಿದ್ದ ಮೇಲೆ ಆರಂಭಿಸಿದರೆ ಅವಸರಕ್ಕೆ ಅಳತೆಯೇ ಮೊದಲ ಬಲಿ. ಕೆಲಸವನ್ನು ಒಪ್ಪಿಸುವಾಗ ಮೂರು ಪ್ರಶ್ನೆಗಳನ್ನು ಕೇಳಬೇಕು: ಫಲಕದ ದಪ್ಪವು ಯಾವ ಅಳತೆಯಿಂದ ಬಂದಿತು? ಗೇಜು ಎಷ್ಟು ತೋರಿಸಿತು? ಭಾರವನ್ನು ಹೊರುವುದು ಯಾವುದು? ಈ ಮೂರಕ್ಕೂ ಅಂಕಿಯಿಂದಲೂ ಕೈತೋರಿಸಿಯೂ ಉತ್ತರ ಕೊಡಬಲ್ಲವನಿಗೆ ಕೆಲಸವನ್ನು ಒಪ್ಪಿಸಬಹುದು. ಫಲಕದ ಲೆಕ್ಕವನ್ನೂ ಗೇಜಿನ ಅಂಕಿಗಳನ್ನೂ ಒಂದು ಕಾಗದದಲ್ಲಿ ಬರೆಯಿಸಿ ನೋಂದಣಿಯ ಪತ್ರದೊಡನೆ ಇಟ್ಟುಕೊಂಡರೆ ಮುಂದಿನ ದುರಸ್ತಿಗೆ ಉಪಯೋಗವಾಗುವುದು.

ಹೊಸ ಎಂಜಿನು, ಫಲಕ, ಚಾನಲು, ಕೂಲಿ ಇವೆಲ್ಲದರ ವೆಚ್ಚವನ್ನು ಮೊದಲೇ ಕೂಡಿಸಿ, ಅದೇ ಮಾದರಿಯ ಹಳೆಯ ಎಂಜಿನನ್ನು ಕೊಂಡು ದುರಸ್ತಿಮಾಡಿಸುವ ವೆಚ್ಚದೊಡನೆ ಹೋಲಿಸಿ ನೋಡುವುದೂ ವಿವೇಕ. ಅಂತಹುದು ದೊರೆಯುವುದಾದರೆ ಅದೇ ಉತ್ತಮ. ದೊರೆಯದಿದ್ದಲ್ಲಿ, ಎತ್ತರ, ನಡಿಗೆ, ಬಲ ಮೂರನ್ನೂ ನೋಡಿ ನೊಗಕ್ಕೆ ಎತ್ತನ್ನು ಕಟ್ಟುವ ರೈತನು ಕೇಂದ್ರ, ವೇಗ, ತಿರುಚುಬಲ ಮೂರನ್ನೂ ನೋಡಿ ಎಂಜಿನನ್ನು ಕೂಡಿಸಿಕೊಂಡರೆ, ಹಳೆಯ ಟ್ರ್ಯಾಕ್ಟರು ಇನ್ನೂ ಹಲವು ಮುಂಗಾರುಗಳನ್ನು ಕಾಣುವುದರಲ್ಲಿ ಸಂದೇಹವಿಲ್ಲ.