ಮರೆತು ಕಲಿಯುವ ಚಿಪ್

ಯಂತ್ರವೊಂದು ಕೆಟ್ಟಿತೆಂದರೆ ಅದರ ಅಂಗಗಳೆಲ್ಲವೂ ಕೆಟ್ಟವೆಂದು ಅರ್ಥವಲ್ಲ. ಮೂಲೆ ಸೇರಿದ ಹಳೆಯ ಕಂಪ್ಯೂಟರಿನಲ್ಲಿ ವಿದ್ಯುತ್ ಪೂರೈಸುವ ಭಾಗ ಮಾತ್ರ ಸುಟ್ಟಿರಬಹುದು. ಪ್ರಿಂಟರಿನಲ್ಲಿ ಹಲ್ಲುಚಕ್ರವೊಂದು ಸವೆದಿರಬಹುದು. ಗುಜರಿಗೆ ಹೋಗುವ ಇಂತಹ ಯಂತ್ರಗಳ ಒಡಲಿನಲ್ಲಿ ಇನ್ನೂ ಅನೇಕ ವರ್ಷ ದುಡಿಯಬಲ್ಲ ಮೆಮೊರಿ ಚಿಪ್‌ಗಳು ಉಳಿದಿರುತ್ತವೆ. ಅವನ್ನು ಬಿಡಿಸಿ ತೆಗೆದು ಹೊಸ ಕೆಲಸಕ್ಕೆ ಹಚ್ಚುವುದು ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳಿಗೆ ಬಹು ಪ್ರಿಯವಾದ ಕಾರ್ಯ. ಕಸದಿಂದ ರಸವೆಂಬ ಮಾತಿಗೆ ಇದೊಂದು ನಿದರ್ಶನ.

ಇಂತಹ ಚಿಪ್‌ಗಳಲ್ಲಿ ಸುಲಭವಾಗಿ ಗುರುತಿಸಬಹುದಾದುದು ಇಪ್ರಾಮ್. ಅದರ ಬೆನ್ನಿನ ಮೇಲೆ ಒಂದು ಪುಟ್ಟ ಕಿಟಕಿಯುಂಟು. ಇದರ ಜನ್ಮವೃತ್ತಾಂತವೂ ಸ್ವಾರಸ್ಯಕರವಾದುದು. ಇಂಟೆಲ್ ಸಂಸ್ಥೆಯಲ್ಲಿದ್ದ ಡೊವ್ ಫ್ರೋಮನ್ ಎಂಬ ವಿಜ್ಞಾನಿ ದೋಷಯುಕ್ತ ಚಿಪ್‌ಗಳನ್ನು ಪರೀಕ್ಷಿಸುತ್ತಿದ್ದರು. ಸಂಪರ್ಕ ಕಡಿದುಹೋದ ಭಾಗಗಳಲ್ಲಿ ವಿದ್ಯುದಂಶ ಸಿಕ್ಕಿಕೊಂಡು ಉಳಿಯುವುದು ಅವರ ಗಮನಕ್ಕೆ ಬಂದಿತು. ಯಾವುದು ದೋಷವಾಗಿತ್ತೋ ಅದೇ ನೆನಪಿನ ಸಾಧನವಾಯಿತು. 1971ರಲ್ಲಿ ಹೊರಬಂದ ಮೊದಲ ಇಪ್ರಾಮ್ ಕೇವಲ 256 ಅಕ್ಷರಗಳನ್ನು ನೆನಪಿಡಬಲ್ಲದಾಗಿತ್ತು.

ಇದು ಕೆಲಸ ಮಾಡುವ ಬಗೆ ಸರಳವಾದುದು. ಚಿಪ್‌ನ ಒಂದೊಂದು ಕೋಶದಲ್ಲಿಯೂ ಅವಾಹಕದಿಂದ ಸುತ್ತುವರಿಯಲ್ಪಟ್ಟ ಒಂದು ಸೂಕ್ಷ್ಮ ದ್ವೀಪವಿದೆ. ಹೆಚ್ಚಿನ ವೋಲ್ಟೇಜಿನಿಂದ ಎಲೆಕ್ಟ್ರಾನುಗಳನ್ನು ಅದರೊಳಕ್ಕೆ ನೂಕಿದರೆ, ವಿದ್ಯುತ್ತನ್ನು ನಿಲ್ಲಿಸಿದ ಮೇಲೂ ಅವು ಅಲ್ಲಿಯೇ ಸೆರೆಯಾಗಿರುತ್ತವೆ. ಎಲೆಕ್ಟ್ರಾನು ತುಂಬಿದ ಕೋಶ 0 ಎಂದೂ ಬರಿದಾದ ಕೋಶ 1 ಎಂದೂ ಓದಲ್ಪಡುತ್ತದೆ. ಕಿಟಕಿಯ ಮೂಲಕ ಅತಿನೇರಳೆ ಕಿರಣಗಳನ್ನು ಹಾಯಿಸಿದಾಗ ಎಲೆಕ್ಟ್ರಾನುಗಳಿಗೆ ಶಕ್ತಿ ದೊರೆತು, ಅವು ಅವಾಹಕದ ಗೋಡೆಯನ್ನು ದಾಟಿ ಹೊರಬರುತ್ತವೆ. ಸಾಧಾರಣ ಗಾಜು ಈ ಕಿರಣಗಳನ್ನು ತಡೆಯುವುದರಿಂದ ಕಿಟಕಿಗೆ ಕ್ವಾರ್ಟ್ಸ್ ಬಳಸುತ್ತಾರೆ. ತಕ್ಕ ದೀಪದಡಿ ಇಟ್ಟರೆ ಸುಮಾರು 20 ನಿಮಿಷಗಳಲ್ಲಿ ಚಿಪ್ ತನ್ನ ನೆನಪನ್ನೆಲ್ಲ ಮರೆಯುತ್ತದೆ. ನೇರ ಬಿಸಿಲಿಗೂ ಈ ಗುಣವಿದೆ. ಆದರೆ ಅದಕ್ಕೆ ಒಂದು ವಾರದಷ್ಟು ಕಾಲ ಬೇಕು. ಆದ್ದರಿಂದಲೇ ಬಳಕೆಯಲ್ಲಿರುವ ಇಪ್ರಾಮಿನ ಕಿಟಕಿಗೆ ಚೀಟಿ ಅಂಟಿಸಿರುತ್ತಾರೆ. ಒರೆಸಿದ ಸ್ಲೇಟಿನಂತೆ ಬರಿದಾದ ಚಿಪ್ ಮತ್ತೆ ಹೊಸ ಪಾಠ ಕಲಿಯಲು ಸಿದ್ಧವಾಗುತ್ತದೆ.

ಈ ಕಾರ್ಯದಲ್ಲಿ ತಾಳ್ಮೆ ಅಗತ್ಯ. ಬೆಸುಗೆಯನ್ನು ಬಿಡಿಸುವಾಗ ಕಾವು ಮಿತಿಮೀರಿದರೆ ಚಿಪ್ ಹಾಳಾಗುತ್ತದೆ. ಮೈಯಲ್ಲಿ ಸೇರಿರುವ ಸ್ಥಿರ ವಿದ್ಯುತ್ತೂ ಅದಕ್ಕೆ ಮಾರಕ. ಆದುದರಿಂದ ಮೊದಲು ನೆಲಕ್ಕೆ ಸಂಪರ್ಕವಿರುವ ಲೋಹವನ್ನು ಮುಟ್ಟಬೇಕು. ಅತಿನೇರಳೆ ದೀಪ ಕಣ್ಣಿಗೆ ಅಪಾಯಕಾರಿಯಾದುದರಿಂದ ಅದನ್ನು ಮುಚ್ಚಿದ ಪೆಟ್ಟಿಗೆಯೊಳಗೇ ಉರಿಸಬೇಕು. ಕೆಲವು ಚಿಪ್‌ಗಳಿಗೆ ಬರೆಯಲು 21 ವೋಲ್ಟ್ ಬೇಕು. ಇನ್ನು ಕೆಲವಕ್ಕೆ 12.5 ವೋಲ್ಟ್ ಸಾಕು. ಮೇಲೆ ಅಚ್ಚಾದ ಸಂಖ್ಯೆಯನ್ನು ನೋಡದೆ ಆತುರಪಟ್ಟವನು ಚಿಪ್ಪನ್ನು ಕಳೆದುಕೊಳ್ಳುತ್ತಾನೆ.

2764 ಎಂಬ ಸಂಖ್ಯೆಯ ಚಿಪ್ಪನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ 8,192 ಸ್ಥಾನಗಳಿವೆ. ಒಂದೊಂದು ಸ್ಥಾನದಲ್ಲಿಯೂ ಎಂಟು ಬಿಟ್‌ಗಳಿವೆ. ಎಂಟು ಬಿಟ್‌ಗಳಿಗೆ ಟ್ರಾನ್ಸಿಸ್ಟರುಗಳ ಮೂಲಕ ಎಂಟು ಪುಟ್ಟ ದೀಪಗಳನ್ನು ಜೋಡಿಸಿ, ಎಣಿಕೆಯ ಚಿಪ್ ಒಂದರಿಂದ ಸೆಕೆಂಡಿಗೊಂದರಂತೆ ಸ್ಥಾನಗಳನ್ನು ಬದಲಿಸುತ್ತ ಹೋದರೆ, ದೀಪಗಳು ಬರೆದಿಟ್ಟ ಕ್ರಮದಲ್ಲಿ ಬೆಳಗುತ್ತ ಆರುತ್ತ ಸಾಗುತ್ತವೆ. ಒಂದು ಸುತ್ತು ಮುಗಿಯಲು ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ. ಶಾಲೆಯ ವಸ್ತುಪ್ರದರ್ಶನಕ್ಕೆ ಇದು ಒಪ್ಪುವ ಪ್ರಯೋಗ.

ಆದರೆ ಅಳಿಸುವ ಮುನ್ನ ವಿಚಾರಮಾಡಬೇಕಾದ ಸಂಗತಿಯೊಂದಿದೆ. ಅಳಿದುಹೋದುದು ಮರಳಿ ಬಾರದು. ಹಳೆಯ ಯಂತ್ರವೊಂದನ್ನು ನಡೆಸುವ ಆದೇಶಗಳ ಏಕಮಾತ್ರ ಪ್ರತಿ ಆ ಚಿಪ್‌ನಲ್ಲಿಯೇ ಇರಬಹುದು. ಅದನ್ನು ತಯಾರಿಸಿದ ಕಾರ್ಖಾನೆ ಎಂದೋ ಮುಚ್ಚಿಹೋಗಿರಬಹುದು. ಯಾರದೋ ಅನೇಕ ತಿಂಗಳ ಬುದ್ಧಿಶ್ರಮವನ್ನು ಇಪ್ಪತ್ತು ನಿಮಿಷಗಳ ಬೆಳಕು ಇಲ್ಲವಾಗಿಸುತ್ತದೆ. ಆದಕಾರಣ ಅನುಭವಿಯಾದ ಹವ್ಯಾಸಿ ಮೊದಲು ಚಿಪ್ಪನ್ನು ಓದಿ, ಅದರ ಪ್ರತಿಯೊಂದನ್ನು ಕಾಪಾಡಿ, ಆಮೇಲೆ ಅಳಿಸುತ್ತಾನೆ.

ಮೊಬೈಲ್ ಫೋನುಗಳಲ್ಲಿರುವ ಫ್ಲ್ಯಾಶ್ ಚಿಪ್‌ಗಳ ವಿಚಾರ ಇದಕ್ಕೆ ವಿರುದ್ಧವಾದುದು. ಅವು ಅಳಿಯುವುದು ಬೆಳಕಿನಿಂದಲ್ಲ, ವಿದ್ಯುತ್ತಿನಿಂದ. ಅವುಗಳಲ್ಲಿ ಹಿಂದಿನ ಒಡೆಯರ ಭಾವಚಿತ್ರಗಳೂ ಪತ್ರಗಳೂ ಉಳಿದಿರಬಹುದು. ಗುಜರಿಯಲ್ಲಿ ಕೊಂಡವನಿಗೆ ಚಿಪ್ ಸೇರಿತೇ ಹೊರತು ಅದರೊಳಗಿನ ಗುಟ್ಟು ಸೇರಲಿಲ್ಲ. ಅದನ್ನು ಇಣುಕಿ ನೋಡದೆ ಅಳಿಸಿಬಿಡುವುದೇ ಸಜ್ಜನಿಕೆ.

ಹೀಗೆ ಒಂದನ್ನು ಓದಿ ಉಳಿಸಬೇಕು, ಇನ್ನೊಂದನ್ನು ಓದದೆ ಅಳಿಸಬೇಕು. ಈ ಭೇದವನ್ನು ಚಿಪ್ ಅರಿಯದು. ಅದನ್ನು ಕೈಯಲ್ಲಿ ಹಿಡಿದವನು ಅರಿತಿರಬೇಕು. ಬೆಸುಗೆ ಬಿಡಿಸುವ ಕೌಶಲ ಅಭ್ಯಾಸದಿಂದ ಬರುತ್ತದೆ. ಅದರೊಡನೆ ಈ ವಿವೇಕವೂ ಸೇರಿದಾಗ ಮಾತ್ರ ಹವ್ಯಾಸ ಸಾರ್ಥಕವಾಗುತ್ತದೆ.